ಯಾವ ಗುಂಪಿಗೂ ಸೇರದ ಡಬ್ಬಿ

ಹೆಣ ಎತ್ತಲು ಬಗ್ಗಿದ ನಾಲ್ವರ ಜೇಬಿನಲ್ಲೂ ಫೋನು ಒಟ್ಟಿಗೇ ಗುಂಯ್‌ಗುಟ್ಟಿತು. ಬೆಳಗಿನಿಂದ ಕೈಕೊಟ್ಟಿದ್ದ ಕರೆಂಟು ಆಗಷ್ಟೇ ಬಂದಿತ್ತು.

ನಾಲ್ವರೂ ಆಸ್ಪತ್ರೆಯವರು. ಸತ್ತವನು ಅಲ್ಲಿ ಚಾವಣಿಗಳಿಗೆ ವೈಫೈ ಡಬ್ಬಿ ಕೂರಿಸುತ್ತಿದ್ದ. ಅದಕ್ಕೇ ಎಲ್ಲರ ಬಾಯಲ್ಲೂ ಡಬ್ಬಿಯಣ್ಣ. ನಾಲ್ವರಲ್ಲೊಬ್ಬ, ಅವನ ಕೈಕೆಳಗೆ ಪಳಗಿದ ಮೆಕ್ಯಾನಿಕ್, ಫೋನು ತೆಗೆದು ನೋಡಿದ. ಆಸ್ಪತ್ರೆಯ ಹಳೆಯ ವೈಫೈ ಜಾಲದ ಹೆಸರು ಅಲ್ಲಿ ಮೂಡಿತ್ತು. ಆ ಜಾಲವನ್ನು ಡಬ್ಬಿಯಣ್ಣನೇ ತುಂಡು ಮಾಡಿ, ಹೆಸರನ್ನೂ ಅಳಿಸಿ ವರ್ಷಗಳಾಗಿದ್ದವು.

“ಅತ್ತಿಗೆ, ಮನೇಲಿ ಡಬ್ಬಿ ಏನಾದ್ರೂ ಇದೆಯಾ?”

“ಗುಬ್ಬಿ ಕೋಣೇಲಿದೆ,” ಎಂದಳು ಡಬ್ಬಿಯಣ್ಣನ ಹೆಂಡತಿ. “ಆರಿಸ್ಬೇಡ ಅಂದಿದ್ರು. ಯಾಕೆ ಅಂತ ಬಾಯಿ ಬಿಡ್ಲಿಲ್ಲ. ಮಗ ಗುಬ್ಬಿ ಹೋದಾಗ ಒಂದು ಹನಿ ಕಣ್ಣೀರು ಹಾಕದ ಮನುಷ್ಯ, ಅದರ ಹಸಿರು ದೀಪಾನ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾದ್ರು. ಮಣ್ಣು ಮಾಡಿ ಬಂದ್ಮೇಲೆ ಕಿತ್ಕೊಂಡು ಹೋಗಪ್ಪ. ನನ್ನ ಕೈಲಿ ಅದನ್ನ ನೋಡಕ್ಕಾಗಲ್ಲ.”

“ಕಲ್ಲು ಕಣೇ ನನ್ನ ತಮ್ಮ,” ಎಂದಳು ಡಬ್ಬಿಯಣ್ಣನ ಅಕ್ಕ. “ಹುಟ್ಟಿದಾಗ್ಲೂ ಅಳ್ಲಿಲ್ಲ. ಸೂಲಗಿತ್ತಿ ಕುಂಡಿಗೆ ಎರಡು ಕೊಟ್ಟ ಮೇಲೇ ಬಾಯಿ ತೆಗ್ದಿದ್ದು.”

ಮೆಕ್ಯಾನಿಕ್ ಕೋಣೆಗೆ ಹೋದ. ದಿಂಬೊಂದಷ್ಟೇ ಇದ್ದ ಖಾಲಿ ಮಂಚ, ಮೇಲೆ ಗೋಡೆಯಲ್ಲಿ ಡಬ್ಬಿ. ಅದಕ್ಕೆ ಯಾವ ಯಾವ ಫೋನು ಸೇರಿದೆಯೆಂದು ತನ್ನ ಫೋನಿನಲ್ಲಿ ನೋಡಿದ. ನಾಲ್ಕು ತಮ್ಮವೇ. ಇನ್ನೊಂದರ ಹೆಸರು ಗುಬ್ಬಿ.

“ಗುಬ್ಬಿ ಫೋನ್ ಎಲ್ಲಿಟ್ಟಿದೀರಿ ಅತ್ತಿಗೆ?”

“ಅವನ ಜೇಬಲ್ಲೇ ಇಟ್ಟು ಮಣ್ಣಿಗೆ ಕಳಿಸಿದ್ನಲ್ಲಪ್ಪ. ಇವತ್ತು ಇವರ ಫೋನೂ ಆರಿಸಿ ಹಾಗೇ ಜೇಬಿಗೆ ಹಾಕಿದೀನಿ.”

ಅವನು ಹೊರಗೆ ಬಂದು ಹೆಣಕ್ಕೆ ಹೆಗಲು ಕೊಟ್ಟ.

*

ಮೊದಲು ಆಸ್ಪತ್ರೆಯ ಡಬ್ಬಿಗಳೆಲ್ಲ ಒಂದೇ ಯಂತ್ರದ ಮಾತು ಕೇಳುತ್ತಿದ್ದವು. ಒಂದು ಮಧ್ಯಾಹ್ನ ಆ ಯಂತ್ರ ಮುಗ್ಗರಿಸಿತು. ಇಡೀ ಕಟ್ಟಡದ ನಾಲಿಗೆ ಬಿದ್ದುಹೋಯಿತು. ರೋಗಿಗಳ ಕರೆಗಂಟೆಯೂ ಅದೇ ಜಾಲದಲ್ಲಿತ್ತು. ಜ್ವರಕ್ಕೆಂದು ಸೇರಿಸಿದ್ದ ಗುಬ್ಬಿ ಉಸಿರು ಸಿಗದೆ ಗುಂಡಿ ಒತ್ತಿದ್ದ. ನರ್ಸು ಬಂದಾಗಲೂ ಅವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ಮಗನನ್ನು ಮಣ್ಣು ಮಾಡಿದ ವಾರವೇ ಡಬ್ಬಿಯಣ್ಣ ಏಣಿ ಹತ್ತಿದ. ಮಹಡಿಗೊಂದು ಗುಂಪು, ಗುಂಪಿಗೊಂದು ಯಜಮಾನ ಡಬ್ಬಿ; ಅದು ಕೆಟ್ಟರೆ ಪಕ್ಕದ್ದು ಯಜಮಾನಿಕೆ ವಹಿಸಿಕೊಳ್ಳಬೇಕು.

“ಊರಿಗೆಲ್ಲ ಒಂದೇ ಒಲೆ ಇದ್ರೆ, ಅದು ಆರಿದ ದಿನ ಊರೇ ಉಪವಾಸ ಕಣೋ,” ಎಂದ, ಏಣಿ ಹಿಡಿದಿದ್ದ ಮೆಕ್ಯಾನಿಕ್‌ಗೆ.

ಗುಬ್ಬಿಯ ವಾರ್ಡಿನ ಡಬ್ಬಿಯನ್ನು ಮಾತ್ರ ಯಾವ ಗುಂಪಿಗೂ ಸೇರಿಸಲಿಲ್ಲ. ಹೊಸದೊಂದನ್ನು ಕೂರಿಸಿ, ಹಳೆಯದನ್ನು ಕೈಯಲ್ಲಿ ಹಿಡಿದು ಏಣಿಯ ಮೇಲೇ ಬಹಳ ಹೊತ್ತು ನಿಂತ. ಕೆಳಗಿದ್ದವನ ಕೆನ್ನೆಗೆ ಒಂದು ಹನಿ ಬಿತ್ತು.

“ಎಸಿ ಸೋರ್ತಿದೆ,” ಎಂದ ಡಬ್ಬಿಯಣ್ಣ.

ಆ ವಾರ್ಡಿನಲ್ಲಿ ಎಸಿ ಇರಲಿಲ್ಲ.

*

ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ಚದುರಿದರು. ಸಂಜೆ ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಿಡಿದು ಮತ್ತೆ ಬಂದ. ಫೋನನ್ನು ಬೇಕೆಂದೇ ತಂದಿರಲಿಲ್ಲ. ಗುಬ್ಬಿಯ ವಾರ್ಡಿನ ಆ ಹಳೆಯ ಡಬ್ಬಿಗೆ ವೈರು ಸಿಕ್ಕಿಸಿ, ಪರದೆ ನೋಡುತ್ತ ಕೂತ.

“ಏನಪ್ಪ, ಕೀಳಲ್ವಾ?”

ಅವನು ಮೊದಲು ಆ ಎಸಿಯ ಮಾತು ಹೇಳಿದ. ಕೇಳುತ್ತ ಕೇಳುತ್ತ ಆಕೆ ಮಂಚದ ಅಂಚಿನಲ್ಲಿ ಕುಸಿದಳು. ಇಷ್ಟು ವರ್ಷ ಗಂಡನ ಮೇಲಿಟ್ಟುಕೊಂಡಿದ್ದ ಸಿಟ್ಟೆಲ್ಲ ಅಳುವಾಗಿ ಬಂತು. ಅತ್ತು ಮುಗಿದ ಮೇಲೆ ಅವನು ಪರದೆಯನ್ನು ಆಕೆಯ ಕಡೆ ತಿರುಗಿಸಿದ.

ಎರಡು ಹೆಸರಿದ್ದವು. ಗುಬ್ಬಿ. ಅದರ ಕೆಳಗೆ ಡಬ್ಬಿಯಣ್ಣ.

“ಇವರದ್ದು ನಾನೇ ಆರಿಸಿದ್ದೆ,” ಎಂದಳು, ಪಿಸುದನಿಯಲ್ಲಿ.

ಮೆಕ್ಯಾನಿಕ್‌ ದಡಕ್ಕನೆ ಎದ್ದ. ಪ್ಲಗ್ ಕೀಳಲು ಕೈ ಚಾಚಿದ. ಆಕೆ ಅವನ ಮಣಿಕಟ್ಟು ಹಿಡಿದಳು.

“ಬೇಡ. ಇರ್ಲಿ ಬಿಡು.”

ಎದ್ದು ಹೋಗಿ ಗಂಡನ ದಿಂಬನ್ನು ತಂದು ಮಗನ ದಿಂಬಿನ ಪಕ್ಕ ಇಟ್ಟಳು. ದೊಡ್ಡ ದೀಪ ಆರಿಸಿ, ಮೆಕ್ಯಾನಿಕ್‌ನನ್ನು ಹೊರಗೆ ಕರೆದು, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.