ಟ್ಯಾಂಕರ್ ಹಾದುಹೋಗುವ ಬೀದಿ

ಕಗ್ಗದಾಸಪುರದ ಆ ಬೀದಿಗೆ ಡಾಂಬರು ಬರುತ್ತದೆಂದು ಹಿಂದಿನ ಚುನಾವಣೆಯಲ್ಲೂ ಹೇಳಿದ್ದರು, ಅದಕ್ಕೂ ಹಿಂದಿನದರಲ್ಲೂ ಹೇಳಿದ್ದರು. ೨೦೦೩ರ ಬೇಸಿಗೆಯ ಹೊತ್ತಿಗೆ ಬಂದದ್ದು ಮುನಿಆಂಜನಪ್ಪನ ನೀರಿನ ಟ್ಯಾಂಕರು ಮಾತ್ರ. ಬೀದಿ ಮೊದಲು ಅವನದೇ ರಾಗಿ ಹೊಲವಾಗಿತ್ತು. ಈಗ ಅದರ ತುದಿಯ ಬೋರ್‌ವೆಲ್ಲಿನಿಂದ ನೀರು ಮಾರುತ್ತಿದ್ದ. ಟ್ಯಾಂಕರು ಹಾದುಹೋದರೆ ಎದುರು ಮನೆ ಕಾಣದಷ್ಟು ಧೂಳು ಏಳುತ್ತಿತ್ತು.

ಆ ಹಾಳು ಧೂಳು ಅಮೃತಮ್ಮನ ಮಗಳು ಉಮಾಶ್ರೀಯ ಎದೆ ಹೊಕ್ಕು ಕೂತಿತ್ತು. ಕೂಸು ಉಸಿರೆಳೆದರೆ ಪಕ್ಕದ ಕೋಣೆಯವರಿಗೂ ಕೇಳುತ್ತಿತ್ತು. "ಧೂಳಿಂದ ದೂರ ಇಡಿ, ಇಲ್ಲಾಂದ್ರೆ ಮಗು ಉಳಿಯೋದು ಕಷ್ಟ," ಎಂದಿದ್ದರು ಡಾಕ್ಟರು. ದೂರವೆಂದರೆ ಎಲ್ಲಿಗೆ? ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರಿಗೆ ಸಿಕ್ಕಿದ್ದೇ ಬೀದಿಗೆ ಬಾಗಿಲಿದ್ದ ಈ ಬಾಡಿಗೆ ಕೋಣೆ. ಊರಿನ ರೂಢಿಯಂತೆ ಅಮೃತಮ್ಮ ಬೆಳಗಾದರೆ ಬಾಗಿಲ ಮುಂದೆ ನೀರು ಚಿಮುಕಿಸಿ ಥಳಿ ಹೊಡೆಯುತ್ತಿದ್ದಳು. ಟ್ಯಾಂಕರಿನ ಒಂದೇ ಓಟಕ್ಕೆ ಅದೂ ಧೂಳಾಗುತ್ತಿತ್ತು.

ಮುನಿಆಂಜನಪ್ಪನಿಗೆ ಕೈಮುಗಿದು ಕೇಳಿದಳು. "ಯಣ್ಣಾ, ಹೋಗುವಾಗ ವಾಲ್ವ್ ಒಂಚೂರು ಬಿಟ್ಕೋತ ಹೋಗ್ರಿ. ಧೂಳರ ಕೂಡತೈತಿ."

"ಬೀದಿಗೆ ಸುರಿಯಕ್ಕೆ ಬೋರ್ ಹಾಕ್ಸಿದೀನಾ? ಆಗಲ್ಲ ಅಂದ್ರೆ ರೂಮ್ ಖಾಲಿ ಮಾಡಿ ನಿಮ್ಮೂರಿಗೆ ಹೋಗಮ್ಮ."

ಮಾರನೆಯ ಬೆಳಿಗ್ಗೆ ಉಸಿರು ಸಿಗದೆ ಉಮಾಶ್ರೀ ತಾಯಿಯ ಕುತ್ತಿಗೆ ಪರಚಿದಳು. ಗಂಡ ಜಟ್ಟೆಪ್ಪ ಮಗುವನ್ನು ಎತ್ತಿಕೊಂಡು ಸಿ.ವಿ. ರಾಮನ್ ನಗರದ ಆಸ್ಪತ್ರೆಗೆ ಓಡಿದ. ಹಿಂದೆಯೇ ಹೊರಟ ಅಮೃತಮ್ಮನ ಮುಖಕ್ಕೆ ಧೂಳು ಎರಚಿ ಟ್ಯಾಂಕರು ಮುಂದಿನ ಮನೆಯ ಸಂಪಿನ ಹತ್ತಿರ ನಿಂತಿತು. ಅವಳು ಹಿಂಬದಿಯ ಮೆಟ್ಟಿಲ ಮೇಲಿದ್ದ ಸ್ಪ್ಯಾನರು ಎತ್ತಿಕೊಂಡು ವಾಲ್ವನ್ನು ತಿರುವಿಯೇಬಿಟ್ಟಳು. ನೀರು ಭೋರೆಂದು ಬೀದಿಗೆ ನುಗ್ಗಿತು.

ಡ್ರೈವರ್ ರಾಮು ಓಡಿಬಂದು ಅವಳ ಜುಟ್ಟು ಹಿಡಿದು ಮುಖವನ್ನು ಟ್ಯಾಂಕಿಗೆ ಅಪ್ಪಳಿಸಿದ. ತುಟಿ ಒಡೆಯಿತು. ಅವಳು ತಿರುಗಿ ಬೀಸಿದ ಸ್ಪ್ಯಾನರಿಗೆ ಅವನ ಮಣಿಕಟ್ಟು ಲಟಕ್ಕೆಂದಿತು. ಅವನು ಅಮ್ಮಾ ಎಂದು ಕೂಗಿಕೊಂಡು ಕೆಸರಲ್ಲಿ ಕೂತ.

ಅಷ್ಟರಲ್ಲಿ ಬೈಕಿನಲ್ಲಿ ಬಂದ ಮುನಿಆಂಜನಪ್ಪ ಕ್ಯಾಬಿನ್ನಿಂದ ಕಬ್ಬಿಣದ ಹಾರೆ ಎಳೆದ. ಅಮೃತಮ್ಮ ವಾಲ್ವಿಗೆ ಬೆನ್ನು ಕೊಟ್ಟು ನಿಂತಳು.

"ಪಕ್ಕಕ್ಕೆ ಬಾರೆ! ತಲೆ ಒಡೆದ್ಹಾಕ್ತೀನಿ!"

"ಒಡೀ! ನನ್ನ ಕೂಸು ಅಲ್ಲಿ ಸಾಯಾಕತ್ತೈತಿ, ನೀ ಇಲ್ಲಿ ನೀರು ಮಾರ್ತಿ!"

ಅವನು ಬೀಸಿದ್ದು ತಲೆಗೇ, ಹೆದರಿಸಲಿಕ್ಕಲ್ಲ. ಅವಳ ಕಾಲು ಕೆಸರಲ್ಲಿ ಜಾರಿದ್ದಕ್ಕೆ ಬದುಕಿದಳು. ಹಾರೆಯ ಏಟಿಗೆ ವಾಲ್ವಿನ ಕುತ್ತಿಗೆ ಮುರಿದು, ಟ್ಯಾಂಕಿನ ನೀರೆಲ್ಲ ಅವನ ಎದೆಗೇ ಗುದ್ದಿ ಅಂಗಾತ ಕೆಡವಿತು. ಎದ್ದವನೇ ಅವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಪಕ್ಕದ ಕೋಣೆಯ ಪೀರಮ್ಮನೂ ಉಳಿದ ಕೋಣೆಗಳ ಹೆಂಗಸರೂ ಒನಕೆ, ಪೊರಕೆ ಹಿಡಿದು ಬಂದಮೇಲೇ ಅವನು ಜಾಗ ಬಿಟ್ಟದ್ದು.

ಸಂಜೆ ಜಟ್ಟೆಪ್ಪ ಬಂದಾಗ ಮಗು ಅವನ ಹೆಗಲ ಮೇಲೆ ಸದ್ದಿಲ್ಲದೆ ಉಸಿರಾಡುತ್ತಿತ್ತು. ಬೀದಿ ಇನ್ನೂ ಒದ್ದೆಯಾಗಿತ್ತು, ಧೂಳಿನ ಸುಳಿವಿರಲಿಲ್ಲ. ಹೆಂಡತಿಯ ಬಾತ ಮುಖ ನೋಡಿ ಅವನಿಗೆ ಅಳು ಬಂತು.

"ನಾಳಿ ಅಂವ ವಾಲ್ವಿಗೆ ವೆಲ್ಡಿಂಗ್ ಮಾಡಸ್ತಾನ. ಮತ್ತ ಅದೇ ಧೂಳು."

ಅಮೃತಮ್ಮ ರಕ್ತ ಉಗುಳಿ ಮಗುವನ್ನು ಮಡಿಲಿಗೆಳೆದುಕೊಂಡಳು.

"ಮಾಡಸ್ಲಿ. ವಾಲ್ವಿನ ಮುಂದ ಇಡಾಕ ನನ್ನ ತಲಿ ಇನ್ನಾ ಐತಲ್ಲ."