ನಾನು ಏರಿಸಿದ ತೊಂಬತ್ತಮೂರು

ನಾನೊಂದು ಸಿಲಿಂಡರ್. ಆಮ್ಲಜನಕದ್ದಲ್ಲ, ಜನ ಹಾಗೆಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ತುಂಬಿದ್ದು ನೈಟ್ರಿಕ್ ಆಕ್ಸೈಡ್ ಎಂಬ ಔಷಧದ ಅನಿಲ. ಅದು ಉಸಿರಿನ ಜೊತೆ ಒಳಗೆ ಹೋದರೆ, ಶ್ವಾಸಕೋಶದಲ್ಲಿ ಗಾಳಿ ತಲುಪುವ ಕಡೆಯ ರಕ್ತನಾಳಗಳು ಹಿಗ್ಗುತ್ತವೆ. ರಕ್ತಕ್ಕೆ ಆಮ್ಲಜನಕ ಹೆಚ್ಚು ಸಿಗುತ್ತದೆ. ನನಗೆ ಬರುವ ಕೆಲಸ ಇಷ್ಟೇ. ಕೆಟ್ಟ ಶ್ವಾಸಕೋಶವನ್ನು ವಾಸಿಮಾಡಲು ಬರುವುದಿಲ್ಲ.

ಲಾರಿಯಲ್ಲಿ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಬಂದೆ. ಮೊದಲು ನನ್ನನ್ನು ಹಚ್ಚಿದ್ದು ಹುಟ್ಟಿ ಒಂದು ದಿನವಾಗಿದ್ದ ಕೂಸಿಗೆ. ನೀಲಿಗಟ್ಟಿದ್ದ ತುಟಿ ಕೆಂಪಾಯಿತು. ಕೆಲವು ದಿನಗಳಲ್ಲಿ ಕೂಸು ಗಟ್ಟಿಯಾಗಿ ಅತ್ತಿತು. ನನಗೆ ಸೊಕ್ಕು ಬಂದಿರಬೇಕು.

ಆಮೇಲೆ ಚನ್ನಮಲ್ಲಪ್ಪನ ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದರು. ಅವನು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ನ್ಯುಮೋನಿಯಾದಿಂದ ಎರಡೂ ಶ್ವಾಸಕೋಶ ಕೆಟ್ಟಿದ್ದವು. ಗಂಟಲಿಗೆ ನಳಿಕೆ ಹಾಕಿ ಮಂಪರಿನಲ್ಲಿ ಮಲಗಿಸಿದ್ದರು. ಅದಕ್ಕೆ ಮುಂಚೆ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತಂತೆ: "ನೀ ಎಲ್ಲೂ ಹೋಗಬ್ಯಾಡ." ಗುರುಸಿದ್ಧವ್ವ ನಾಲ್ಕು ದಿನದಿಂದ ಹೊರಗಿನ ಬೆಂಚು ಬಿಟ್ಟಿರಲಿಲ್ಲ.

ನನ್ನ ಕವಾಟ ತಿರುವಿದರು. ಪರದೆಯ ಮೇಲೆ ಎಪ್ಪತ್ತೆಂಟಿದ್ದ ಆಮ್ಲಜನಕದ ಸಂಖ್ಯೆ ಒಂದು ತಾಸಿನಲ್ಲಿ ತೊಂಬತ್ತಮೂರಾಯಿತು.

ಬೆಳಗಿನ ಭೇಟಿಯ ಹೊತ್ತಿಗೆ ಒಳಗೆ ಬಂದ ಗುರುಸಿದ್ಧವ್ವ ಅದನ್ನು ನೋಡಿ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ತೊಂಬತ್ಮೂರ ಬಿದ್ದಾವರೀ! ಸಾಲ್ಯಾಗ ಮೂವತ್ತೈದ ದಾಟಿದವರಲ್ಲ ನೀವು."

ಸಿಸ್ಟರ್ ರೆಬೆಕಾ ನಕ್ಕರು. "ಈಗರ ಮನಿಗೆ ಹೋಗ್ರಿ ಅವ್ವಾರ. ಜಳಕಾ ಮಾಡಿ, ಎರಡ ತುತ್ತು ಉಂಡು ಬರ್ರಿ."

"ಹೋಗ್ಲೇನ್ರೀ ಸಾಹೇಬ್ರ?" ಎಂದು ಅವಳು ಡಾಕ್ಟರನ್ನು ಕೇಳಿದಳು.

ಡಾಕ್ಟರಿಗೆ ಗೊತ್ತಿತ್ತು. ಸ್ವಲ್ಪ ಮುಂಚೆ ಜೊತೆಯ ಡಾಕ್ಟರಿಗೆ ಅವರೇ ಮೆಲ್ಲಗೆ ಹೇಳಿದ್ದರು: "ನಂಬರ್ ಏರೈತಿ ಅಷ್ಟ. ಮನುಷ್ಯಾ ಸುಧಾರಿಸಿಲ್ಲ. ಕಿಡ್ನಿನೂ ಕೈಬಿಡಾಕತ್ತಾವು." ಆದರೂ ಅವಳ ಬಾಡಿದ ಮುಖ ನೋಡಿ "ಹೋಗಿ ಬರ್ರಿ" ಅಂದರು. ಕರುಣೆಯಿಂದಲೇ ಅಂದಿರಬೇಕು.

ಮಧ್ಯಾಹ್ನ ಚನ್ನಮಲ್ಲಪ್ಪನ ರಕ್ತದೊತ್ತಡ ಕುಸಿಯಿತು. ಬಹಳ ಹೊತ್ತು ನಾನು ಸಂಖ್ಯೆಯನ್ನು ಮಾತ್ರ ಬೀಳಗೊಡಲಿಲ್ಲ. ಆಮೇಲೆ ಅವನ ಹೃದಯವೇ ನಿಂತಿತು.

ಅವಳು ಒದ್ದೆ ತಲೆಯಲ್ಲೇ ಓಡಿಬಂದಳು. ಡಾಕ್ಟರು ಏನೋ ವಿವರಿಸಹೊರಟರು. ಅವಳು ಕೈಮುಗಿದಳು. "ನೀವು ಭಾಳ ಮಾಡಿದ್ರಿ ಸಾಹೇಬ್ರ. ನಾನ ಎದ್ದು ಹೋದೆ."

ಹೋಗೆಂದದ್ದು ತಾವೇ ಎಂದು ಡಾಕ್ಟರು ಹೇಳಲಿಲ್ಲ. ನನಗಂತೂ ಬಾಯಿಲ್ಲ.

ಈಗ ನನಗೆ ವಯಸ್ಸಾಗಿದೆ. ಒತ್ತಡದ ಪರೀಕ್ಷೆಯಲ್ಲಿ ಸೋತು ಗುಜರಿ ಅಂಗಡಿಯ ಗೋಡೆಗೆ ಒರಗಿದ್ದೇನೆ. ನಾನು ಸುಳ್ಳು ಹೇಳಿದೆನೇ? ಎಷ್ಟು ಸಲ ಕೇಳಿಕೊಂಡರೂ ತಿಳಿಯದು. ಮೈಮೇಲಿನ ಎಚ್ಚರಿಕೆಗಳು ಇನ್ನೂ ಓದುವ ಹಾಗಿವೆ: ಬೆಂಕಿಯಿಂದ ದೂರವಿಡಿ, ಉರುಳಿಸಬೇಡಿ, ಗಾಳಿಯಾಡುವಲ್ಲಿ ನಿಲ್ಲಿಸಿ. ಎಲ್ಲವೂ ನನ್ನನ್ನು ಎತ್ತಿಡುವವರಿಗೆ. ರೋಗಿಯ ಮನೆಯವರಿಗೆ ಒಂದು ಸಾಲೂ ಇಲ್ಲ.