ಭಂಡಾರ ತಾಗದ ಅಂಗಾಲು

ಕೂಸು ಹುಟ್ಟಿ ಐದನೆಯ ದಿನ. ಮಂಗಸೂಳಿಯ ಹೊಳೆವ್ವ ನಸುಕಿಗೆ ಎದ್ದು ನೀರು ಕಾಯಿಸಿ, ಬಾಣಂತಿ ಮಗಳಿಗೂ ಮೊಮ್ಮಗಳಿಗೂ ಎರೆದು, ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಶಿರಗುಪ್ಪಿಗೆ ಕೊಟ್ಟ ಮಗಳು ಅನುಸೂಯಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಬಂದು ಎರಡೇ ದಿನ. ಹೊಳೆವ್ವನ ಗಂಡ ವಿಠೋಬಾ ಕುರಿ ಹೊಡೆದುಕೊಂಡು ಹೋಗಿದ್ದ.

ಅಂದು ಸಂಜೆ, ಐದನೆಯ ದಿನ ಕೂಸಿನ ಹಣೆಬರಹ ಬರೆಯಲು ಬರುವ ಸೆಟಿವೆವ್ವನ ಪೂಜೆ. ಅದಕ್ಕೆಂದು ಹೊಳೆವ್ವ ಮಲ್ಲಯ್ಯನ ಗುಡಿಯಿಂದ ತಂದ ಭಂಡಾರವನ್ನು, ಆ ಅರಿಷಿಣದ ಪ್ರಸಾದವನ್ನು, ಕೂಸಿನ ಹಣೆ, ಕೆನ್ನೆ, ಎದೆ, ತೋಳಿಗೆಲ್ಲ ಹಚ್ಚಿದ್ದಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸು ನಿದ್ದೆಹೋಗಿತ್ತು.

"ನಿನ್ನ ಮೊಮ್ಮಗಳು ಭಾಳ ಶಾಣ್ಯಾಕಿ ನೋಡಕ್ಕಾ," ಎಂದಳು ನೆರೆಮನೆಯ ಲಕ್ಷ್ಮಿಬಾಯಿ. "ನಮ್ಮ ಮನ್ಯಾಂದು ಓಣಿ ಎಬ್ಬಸ್ತಿತ್ತು. ಇದು ಅಳೂದಽ ಇಲ್ಲ."

ಈ ಮಾತನ್ನು ಹೊಳೆವ್ವ ಮೊದಲೂ ಒಮ್ಮೆ ಕೇಳಿದ್ದಳು. ಯಾವಾಗ ಎಂದು ನೆನೆಯುವುದು ಅವಳಿಗೆ ಬೇಡವಾಗಿತ್ತು.

ಹೊತ್ತೇರಿದ ಮೇಲೆ ಆಶಾ ಕಾರ್ಯಕರ್ತೆ ಉಜ್ವಲಾ ಬಂದಳು.

"ಆಯಿ, ಕೂಸಿನ್ನ ಬಾಗಲಕ ತರ್ರಿ. ಬೆಳಕಿನಾಗ ನೋಡಬೇಕು."

"ಹನ್ನೆರಡ ದಿನಾ ಹೊರಗ ತರಂಗಿಲ್ಲವಾ. ಗಾಳಿ, ದಿಟ್ಟಿ."

"ಹಂಗಾರ ಕಿಡಕಿ ತಗೀರಿ."

ಉಜ್ವಲಾ ಕೂಸಿನ ಹಣೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಬೆರಳಿಗೆ ಭಂಡಾರ ಮೆತ್ತಿತು, ಅಷ್ಟೇ. "ಇದರಾಗ ಏನ ಕಾಣಬೇಕ್ರಿ? ಸ್ವಲ್ಪ ಒರಸ್ರಿ, ಹಳದಿ ಕಾಮಣಿ ಐತೋ ಏನೋ ನೋಡ್ತೀನಿ."

"ಸಂಜೀ ದೀಪಾ ಹಚ್ಚೂತನಾ ಮಲ್ಲಯ್ಯನ ಭಂಡಾರ ಒರಸಂಗಿಲ್ಲ."

ಲಕ್ಷ್ಮಿಬಾಯಿ ನಡುವೆ ಬಾಯಿ ಹಾಕಿದಳು. "ಅತ್ತರ ಹಸಿವಿ ಅಂತಿ, ಅಳದಿದ್ರ ರೋಗಾ ಅಂತಿ. ನಿನ್ನ ವಹಿ ತುಂಬಸಾಕ ನಮ್ಮ ಕೂಸಽ ಬೇಕೇನ?"

"ಹೌದ್ರಿ ಮೌಶಿ, ತಡೀರಿ, ನಿಮ್ಮ ಹೆಸರೂ ಬರಕೋತೀನಿ," ಎಂದು ನಕ್ಕು ಉಜ್ವಲಾ ಬಾಣಂತಿಯತ್ತ ತಿರುಗಿದಳು. "ಎಷ್ಟ ಸಲ ಕುಡದೈತಿ?"

"ನಿನ್ನೆ ಸಂಜೀಕ ಕುಡದದ್ದು," ಎಂದಳು ಅನುಸೂಯಾ. "ಎಬ್ಬಿಸಿದ್ರೂ ಬಾಯಿ ತಗ್ಯಾಕ ಒಲ್ಲದು."

ಆಗ ಹೊಳೆವ್ವನಿಗೆ ಬೇಡವೆಂದರೂ ನೆನಪಾಯಿತು. ಮೂವತ್ತು ವರ್ಷದ ಹಿಂದೆ, ಇದೇ ಕೋಣೆ, ಅವಳ ಮೊದಲ ಕೂಸು. ಅದೂ ಹೆಣ್ಣು, ಅದೂ ಅಳುತ್ತಿರಲಿಲ್ಲ. ಬಂದವರೆಲ್ಲ ಶಾಣ್ಯಾ ಕೂಸು ಎಂದು ಹೊಗಳಿದ್ದರು. ಎಂಟನೆಯ ದಿನ ಅದು ಕಣ್ಣು ತೆರೆಯಲಿಲ್ಲ. ಹೆಸರಿಡುವ ಮೊದಲೇ, ಮೈತುಂಬ ಭಂಡಾರದೊಡನೆ ಮಣ್ಣಿಗೆ ಹೋಯಿತು. ಕೊಟ್ಟಾತನೇ ಒಯ್ದ ಎಂದು ಅತ್ತೆ ಹೇಳಿದ್ದಳು. ಆ ಮಾತನ್ನು ಹೊತ್ತುಕೊಂಡೇ ಹೊಳೆವ್ವ ಇಷ್ಟು ದೂರ ನಡೆದಿದ್ದಳು.

ಅವಳು ಕೂಸಿನ ಕಾಲ ಮೇಲಿನ ಬಟ್ಟೆ ಸರಿಸಿದಳು. ದೇವರ ಭಂಡಾರವನ್ನು ಯಾರೂ ಅಂಗಾಲಿಗೆ ಹಚ್ಚುವುದಿಲ್ಲ. ಕಿಟಕಿಯ ಬೆಳಕಿಗೆ ಆ ಪುಟ್ಟ ಪಾದ ಹಿಡಿದಳು. ಹಳದಿ. ಸೆರಗಿನಿಂದ ತಿಕ್ಕಿದಳು. ಹೋಗಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದ ಜಾಗವೂ ಹಳದಿಯೇ.

"ಉಜ್ವಲಾ, ಇಲ್ಲಿ ನಾ ಏನೂ ಹಚ್ಚಿಲ್ಲವಾ."

ಉಜ್ವಲಾ ನೋಡಿ ಗಂಭೀರಳಾದಳು. "ಅಂಗಾಲತನಾ ಇಳದೈತಿ ಆಯಿ. ಈಗಿಂದೀಗ ಹೋಗಬೇಕು." ಅವಳು ಗಾಡಿಗೆ ಫೋನು ಹಚ್ಚಿದಳು.

"ಪೂಜಿ?" ಎಂದಳು ಲಕ್ಷ್ಮಿಬಾಯಿ.

"ಸೆಟಿವೆವ್ವ ನಾಕ ದಿನಾ ತಡಕೋತಾಳ. ಕೂಸಿಗೆ ತಡಕೊಳ್ಳಾಕ ಆಗಂಗಿಲ್ಲ." ತಪ್ಪಾಯಿತು ಮಲ್ಲಯ್ಯಾ ಎನ್ನುತ್ತ ಹೊಳೆವ್ವ ಬಿಸಿನೀರಿನ ಬಟ್ಟೆಯಿಂದ ಭಂಡಾರವನ್ನೆಲ್ಲ ಒರೆಸಿದಳು. ಒರೆಸಿದಷ್ಟೂ ಒಳಗಿನ ಹಳದಿ ಕಂಡಿತು.

ಅಥಣಿಯ ಆಸ್ಪತ್ರೆಯಲ್ಲಿ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಅನುಸೂಯಾ ಹಾಲು ಹಿಂಡಿ ಕೊಟ್ಟಳು, ನರ್ಸು ಚಮಚದಿಂದ ಕುಡಿಸಿದಳು.

"ನಾ ಹಚ್ಚಿದ ಅರಿಷಿಣದಿಂದ ಬಂತೇನ್ರಿ?" ಹೊಳೆವ್ವ ಡಾಕ್ಟರನ್ನು ಕೇಳಿದಳು.

"ಇಲ್ರಿ ಆಯಿ. ಎಳೇ ಕೂಸಿನ ರಕ್ತದ ಕಣಾ ಒಡದು ಈ ಹಳದಿ ಹುಟ್ಟತೈತಿ. ಲಿವರ್ ಇನ್ನೂ ಬಲತಿರಂಗಿಲ್ಲ, ಹೊರಗ ಹಾಕಾಕ ಆಗಂಗಿಲ್ಲ. ಭಾಳ ಕೂಸಿಗೆ ತಾನಽ ಇಳಿತೈತಿ. ಇದರ ರಕ್ತದ ಗುಂಪು ತಾಯಿದಕ ಹೊಂದಿಲ್ಲ, ಅದಕ್ಕ ಏರೈತಿ. ಇನ್ನಷ್ಟ ತಡಾ ಆಗಿದ್ರ ಮೆದುಳಿಗೆ ಹೋಗತಿತ್ತು. ಅರಿಷಿಣ ರೋಗಾ ತರಂಗಿಲ್ರಿ, ಮುಚ್ಚತೈತಿ ಅಷ್ಟ."

ತನ್ನ ಮೊದಲ ಕೂಸಿನ ವಿಷಯ ಕೇಳಬೇಕೆಂದು ಹೊಳೆವ್ವ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಬೆಂಚಿನ ಮೇಲೆ ಕುಳಿತಳು.

ನಾಲ್ಕು ದಿನದ ಮೇಲೆ ಮನೆಗೆ ಬಂದರು. ಡಾಕ್ಟರು ಹೇಳಿದಂತೆ ಎರಡೆರಡು ತಾಸಿಗೊಮ್ಮೆ ಹಾಲು, ಮಲಗಿದ್ದರೆ ಎಬ್ಬಿಸಿ. ಎರಡು ವಾರ ದಿನವೂ ಬೆಳಕಿನಲ್ಲಿ ಮೈ ನೋಡುವುದು. ತಡವಾದ ಪೂಜೆಯನ್ನು ಹೊಳೆವ್ವ ಮುಗಿಸಿದಳು. ಭಂಡಾರವನ್ನು ತನ್ನ ಹಣೆಗೂ ತೊಟ್ಟಿಲ ಹಗ್ಗಕ್ಕೂ ಹಚ್ಚಿದಳು, ಕೂಸಿಗೆ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕುಳಿತು ಅಂಗಾಲು ಒತ್ತಿ ನೋಡುತ್ತಿದ್ದಾಗ ಲಕ್ಷ್ಮಿಬಾಯಿ ಬಂದಳು.

"ಯವ್ವಾ, ಏನ ಅಳತೈತಿ ನಿನ್ನ ಮೊಮ್ಮಗಳು! ಅಥಣ್ಯಾಗ ಗಂಟಲಾ ಬದಲ ಮಾಡಿ ಕಳಿಸ್ಯಾರೇನ?"

"ಅಳಲಿ ಬಿಡ ಲಕ್ಷ್ಮಿ," ಎಂದು ಹೊಳೆವ್ವ ಅಳುವ ಕೂಸನ್ನು ಮಗಳ ಮಡಿಲಿಗೆ ಕೊಟ್ಟಳು.